ಮೊದಲು ಸ್ಯಾಂಪಲ್, ಆಮೇಲೆ ಬ್ಲೀಚಿಂಗ್: ಊರಿನ ನಲ್ಲಿ ನೀರಿಗೆ ಕೊಳೆ ಎಲ್ಲಿ ಸೇರಿತು ಅಂತ ಹುಡುಕುವ ಬಗೆ

ಮಳೆ ಹಿಡಿದು ಒಂದು ವಾರ ಆಗಿತ್ತು. ಆಲೂರು ಕಡೆಯ ಒಂದು ಊರಿನ ಆಶಾ ಕಾರ್ಯಕರ್ತೆ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿದರು. "ಸಾರ್, ಒಂದೇ ಬೀದೀಲಿ ಏಳು ಜನಕ್ಕೆ ವಾಂತಿ-ಭೇದಿ. ನೀರು ಎರಡು ದಿನದಿಂದ ಮೋರಿ ವಾಸ್ನೆ ಹೊಡೀತೈತೆ." ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹತ್ತು ಗಂಟೆ. ಅಷ್ಟರಲ್ಲಿ ಯಾರೋ ಗಾಬರಿಯಲ್ಲಿ ಓವರ್‌ಹೆಡ್ ಟ್ಯಾಂಕಿಗೆ ಎರಡು ಬಕೆಟ್ ಬ್ಲೀಚಿಂಗ್ ಪೌಡರ್ ಸುರಿದಾಗಿತ್ತು. ನಲ್ಲಿ ಬಿಟ್ಟರೆ ಕಣ್ಣು ಉರಿಯುವಷ್ಟು ಘಾಟು. ಆ ನೀರನ್ನೇ ಬಾಟಲಿಗೆ ತುಂಬಿ ಲ್ಯಾಬಿಗೆ ಕಳಿಸಿದೆವು. ಕುಡಿಯಲು ಯೋಗ್ಯ ಅಂತ ವರದಿ ಬಂತು. ಸದ್ಯ ಪಾರಾದೆವು ಅಂದುಕೊಂಡೆವು. ಹನ್ನೊಂದನೇ ದಿನ ಅದೇ ಬೀದಿಯಲ್ಲಿ ಮತ್ತೆ ಐದು ಮಕ್ಕಳು ಮಲಗಿದವು.

ಆ ಬ್ಲೀಚಿಂಗ್ ಟ್ಯಾಂಕಿನಲ್ಲಿದ್ದ ನೀರನ್ನು ತೊಳೆಯಿತು, ಅಷ್ಟೇ. ಕೊಳೆ ಒಳಗೆ ಬರುತ್ತಿದ್ದ ತೂತು ಹಾಗೇ ಇತ್ತು. ಜೊತೆಗೆ ಆ ತೂತನ್ನು ತೋರಿಸಬೇಕಾಗಿದ್ದ ಸುಳಿವೂ ಅಳಿಸಿಹೋಗಿತ್ತು. ಅವತ್ತಿನಿಂದ ನಾನು ಯಾರೇ ಕೇಳಿದರೂ ಮೊದಲು ಹೇಳುವ ಮಾತು ಒಂದೇ. ಮೊದಲು ಸ್ಯಾಂಪಲ್, ಆಮೇಲೆ ಬ್ಲೀಚಿಂಗ್. ಸ್ಯಾಂಪಲ್ ತೆಗೆಯಲು ಬೇಕಾಗುವುದು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಯಾರಿಗೂ ಏನೂ ಆಗುವುದಿಲ್ಲ, ಯಾಕೆಂದರೆ ಅಷ್ಟರೊಳಗೆ ನಲ್ಲಿ ನೀರು ಕುಡಿಯಬೇಡಿ ಅಂತ ಊರಿಗೆ ಹೇಳಿ ಆಗಿರುತ್ತದೆ.

ಹಾಸನ, ಚಿಕ್ಕಮಗಳೂರು ಕಡೆಯ ಪಂಚಾಯ್ತಿ ಸದಸ್ಯರು, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯವರು, ಆಶಾ ಅಕ್ಕಂದಿರು, ಯುವಕ ಸಂಘದ ಹುಡುಗರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇಂಜಿನಿಯರ್ ಆಗಿರಬೇಕಿಲ್ಲ, ಡಾಕ್ಟರ್ ಆಗಿರಬೇಕಿಲ್ಲ. 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ, 2024ರಲ್ಲಿ ಮೈಸೂರಿನ ಕೆ. ಸಾಲುಂಡಿ, ಕೊಳೆ ಸೇರಿದ ನೀರು ಕುಡಿದು ಜನ ಕಾಯಿಲೆ ಬಿದ್ದ ಈ ಸುದ್ದಿಗಳನ್ನೆಲ್ಲ ನಾವು ಓದಿದ್ದೇವೆ. ನಮ್ಮ ಊರಿನಲ್ಲಿ ಹಾಗಾಗದಿರಲಿ ಅನ್ನುವ ಕಾಳಜಿ ಇದ್ದರೆ ಸಾಕು.

ಮೊದಲ ಒಂದು ಗಂಟೆಯಲ್ಲಿ

ಕಾಯಿಲೆ ಬಿದ್ದವರು ಮೊದಲು, ನೀರು ಆಮೇಲೆ. ಭೇದಿಯಲ್ಲಿ ಜೀವ ಹೋಗುವುದು ಮೈಯ ನೀರು ಬತ್ತಿ. ಹಾಗಾಗಿ ಓಆರ್‌ಎಸ್ ತಕ್ಷಣ ಶುರುವಾಗಬೇಕು. ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಕಲಸಿ, ಗುಟುಕು ಗುಟುಕಾಗಿ ಕುಡಿಸಿ. ಮಗುವಿನ ಕಣ್ಣು ಗುಳಿ ಬಿದ್ದಿದ್ದರೆ, ಮೂತ್ರ ನಿಂತಿದ್ದರೆ, ಎದ್ದು ಕೂರಲೂ ಆಗದಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅಲ್ಲಿಂದ ಸುದ್ದಿ ತಾಲ್ಲೂಕು ಆರೋಗ್ಯಾಧಿಕಾರಿಗೆ, ರೋಗ ಹರಡುವುದರ ಮೇಲೆ ಕಣ್ಣಿಡುವ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಹೋಗುತ್ತದೆ. ಇನ್ನೊಂದು ಮಾತನ್ನು ಡಾಕ್ಟರಿಗೆ ನೆನಪಿಸಿ: ಆಂಟಿಬಯಾಟಿಕ್ ಕೊಡುವ ಮುಂಚೆ ಒಂದಿಬ್ಬರ ಮಲದ ಸ್ಯಾಂಪಲ್ ತೆಗೆಯಬೇಕು. ಮಾತ್ರೆ ಹೊಟ್ಟೆಗೆ ಹೋದ ಮೇಲೆ ಯಾವ ರೋಗಾಣು ಅಂತ ಕಂಡುಹಿಡಿಯುವುದು ಕಷ್ಟ.

ಅದೇ ಹೊತ್ತಿಗೆ ಊರಿನಲ್ಲಿ ಸಾರಿಸಿ. ದೇವಸ್ಥಾನದ ಮೈಕೋ, ಪಂಚಾಯ್ತಿ ಆಟೋವೋ, ಯಾವುದಾದರೂ ಸರಿ. "ನಲ್ಲಿ ನೀರನ್ನು ಕುದಿಸದೆ ಕುಡಿಯಬೇಡಿ, ಹಲ್ಲೂ ಉಜ್ಜಬೇಡಿ." ಕುದಿಸುವುದು ಅಂದರೆ ಬೆಚ್ಚಗೆ ಮಾಡುವುದಲ್ಲ. ಮಳಮಳ ಅಂತ ಗುಳ್ಳೆ ಎದ್ದ ಮೇಲೆ ಒಂದು ನಿಮಿಷ ಹಾಗೇ ಬಿಡಬೇಕು. ಎತ್ತರದ ಜಾಗದಲ್ಲಿ ನೀರು ಬೇಗ ಕುದಿಯುತ್ತದೆ, ಹಾಗಾಗಿ ಮೂರು ನಿಮಿಷ ಕುದಿಸಬೇಕು ಅನ್ನುವ ಮಾತಿದೆ. ಅದು 2000 ಮೀಟರ್ ದಾಟಿದ ಜಾಗಕ್ಕೆ. ನಮ್ಮ ಮುಳ್ಳಯ್ಯನಗಿರಿ ತುದಿಯೇ 1930 ಮೀಟರ್ ಆಸುಪಾಸು. ಅಂದಮೇಲೆ ನಮ್ಮ ಎರಡು ಜಿಲ್ಲೆಗಳ ಯಾವ ಊರಿಗೂ ಒಂದು ನಿಮಿಷ ಸಾಕು.

ಇಷ್ಟಾದ ಮೇಲೆ ಬಾಟಲಿ ಹಿಡಿಯಿರಿ.

ಸ್ಯಾಂಪಲ್ ತೆಗೆಯುವುದು

ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ. ಮಿನರಲ್ ವಾಟರ್ ಬಾಟಲಿ, ಜ್ಯೂಸ್ ಬಾಟಲಿ ಯಾವುದೂ ಆಗುವುದಿಲ್ಲ. ಕೆಲವರು ಗಾಜಿನ ಬಾಟಲಿಯನ್ನು ಕುಕ್ಕರಿನಲ್ಲಿ ಬೇಯಿಸಿ ತರುತ್ತಾರೆ, ಅದರಿಂದ ಬಾಟಲಿ ಶುದ್ಧವಾಗುತ್ತದೆ ನಿಜ. ಆದರೆ ಲ್ಯಾಬಿನ ಬಾಟಲಿಯೊಳಗೆ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ನೀರಿನಲ್ಲಿರುವ ಕ್ಲೋರಿನ್ನನ್ನು ಅದು ಅಲ್ಲೇ ನಿಲ್ಲಿಸಿಬಿಡುತ್ತದೆ. ಅದಿಲ್ಲದಿದ್ದರೆ ಲ್ಯಾಬಿಗೆ ಹೋಗುವ ದಾರಿಯಲ್ಲೇ ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲುತ್ತಾ ಹೋಗುತ್ತದೆ, ಹಾಸನ ಮುಟ್ಟುವಷ್ಟರಲ್ಲಿ ಬಾಟಲಿ ಕ್ಲೀನ್. ಇದೇ ಕಾರಣಕ್ಕೆ ಬಾಟಲಿಯನ್ನು ಒಳಗೆ ತೊಳೆಯಬಾರದು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಲ್ಯಾಬಿನಿಂದ ನಾಲ್ಕೈದು ಬಾಟಲಿ ಮೊದಲೇ ತಂದು ಪಂಚಾಯ್ತಿಯಲ್ಲಿ ಇಟ್ಟುಕೊಳ್ಳಿ. ಕಾಯಿಲೆ ಬಂದ ದಿನ ಹುಡುಕಲು ಹೊರಟರೆ ಅರ್ಧ ದಿನ ಹೋಗುತ್ತದೆ.

ತೆಗೆಯುವ ಕ್ರಮ ಹೀಗೆ. ನಲ್ಲಿಗೆ ಕಟ್ಟಿದ ಬಟ್ಟೆ, ಜಾಲರಿ, ಪೈಪು ಏನಿದ್ದರೂ ಬಿಚ್ಚಿ. ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಎರಡು ಮೂರು ನಿಮಿಷ ನೀರು ಹರಿಯಬಿಟ್ಟು ನಲ್ಲಿ ಮುಚ್ಚಿ. ಲೋಹದ ನಲ್ಲಿಯಾದರೆ ಸ್ಪಿರಿಟ್ ಅದ್ದಿದ ಹತ್ತಿಗೆ ಬೆಂಕಿ ಕೊಟ್ಟು ಇಕ್ಕಳದಲ್ಲಿ ಹಿಡಿದು ಬಾಯಿಯನ್ನು ಚೆನ್ನಾಗಿ ಕಾಯಿಸಿ. ಪ್ಲಾಸ್ಟಿಕ್ ಆದರೆ ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಕು. ಮತ್ತೆ ಒಂದು ನಿಮಿಷ ಹರಿಯಬಿಡಿ. ಈಗ ಬಾಟಲಿ ತೆರೆಯಿರಿ. ಮುಚ್ಚಳವನ್ನು ಕೆಳಗಿಡಬೇಡಿ, ಬೆರಳಲ್ಲೇ ಬಾಯಿ ಕೆಳಗಾಗಿ ಹಿಡಿದಿರಿ, ಒಳಭಾಗ ಮುಟ್ಟಬೇಡಿ. ಕತ್ತಿನ ತನಕ ತುಂಬಿಸಿ, ಮೇಲೆ ಎರಡು ಬೆರಳಷ್ಟು ಖಾಲಿ ಬಿಟ್ಟು ಮುಚ್ಚಿ. ಜಾಗ, ದಿನ, ಗಂಟೆ, ಕ್ಲೋರಿನ್ ಎಷ್ಟಿತ್ತು ಅನ್ನುವುದನ್ನು ಬಾಟಲಿಯ ಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆಯಬೇಡಿ, ಲ್ಯಾಬಿನಲ್ಲಿ ಮುಚ್ಚಳಗಳು ಅದಲುಬದಲಾಗಬಹುದು.

ಐಸ್ ಪೆಟ್ಟಿಗೆಯಲ್ಲಿಟ್ಟು ಆದಷ್ಟು ಬೇಗ ಲ್ಯಾಬಿಗೆ ಮುಟ್ಟಿಸಿ. ಆರು ಗಂಟೆಯೊಳಗೆ ಆದರೆ ಒಳ್ಳೆಯದು, 24 ಗಂಟೆ ದಾಟಿದರೆ ಆ ಸ್ಯಾಂಪಲ್ ನಂಬುವ ಹಾಗಿಲ್ಲ. ಕಳಸದಿಂದಲೋ ಶೃಂಗೇರಿಯಿಂದಲೋ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಕಳಿಸುವವರು ಬಸ್ಸಿನ ಟೈಮ್ ನೋಡಿಕೊಂಡೇ ಸ್ಯಾಂಪಲ್ ತೆಗೆಯಬೇಕು. ಶನಿವಾರ ಮಧ್ಯಾಹ್ನದ ಮೇಲೆ ತೆಗೆಯುವುದಾದರೆ ಲ್ಯಾಬಿಗೆ ಮೊದಲು ಫೋನ್ ಮಾಡಿ.

ಎಷ್ಟು ಕಡೆ ತೆಗೆಯಬೇಕು? ಒಂದೇ ಬಾಟಲಿ ತೆಗೆದರೆ ನೀರು ಕೆಟ್ಟಿದೆಯೋ ಇಲ್ಲವೋ ಅಷ್ಟೇ ಗೊತ್ತಾಗುತ್ತದೆ. ಎಲ್ಲಿ ಕೆಟ್ಟಿತು ಅಂತ ಗೊತ್ತಾಗಲು ಕಡಿಮೆ ಅಂದರೂ ಆರು ಬೇಕು: ಮೂಲ, ಅಂದರೆ ಬೋರ್‌ವೆಲ್ಲೋ ಒರತೆಯೋ, ಟ್ಯಾಂಕಿನಿಂದ ಹೊರಬರುವ ನೀರು, ಲೈನಿನ ಮೊದಲ ಮನೆ, ಕೊನೆಯ ಮನೆ, ಕಾಯಿಲೆ ಬಂದ ಮನೆಯ ನಲ್ಲಿ, ಅದೇ ಮನೆಯ ಕೊಡದಲ್ಲಿ ಹಿಡಿದಿಟ್ಟ ನೀರು. ಈ ಕೊನೆಯ ಎರಡನ್ನು ಜೊತೆಯಲ್ಲೇ ತೆಗೆಯುವುದು ಬಹಳ ಮುಖ್ಯ. ನಲ್ಲಿ ನೀರು ಚೆನ್ನಾಗಿದ್ದು ಕೊಡದ ನೀರು ಮಾತ್ರ ಕೆಟ್ಟಿದ್ದರೆ ತೊಂದರೆ ಮನೆಯೊಳಗಿನದು, ಕೈ ಅದ್ದಿ ಲೋಟ ತುಂಬುವ ಅಭ್ಯಾಸದ್ದು.

ಇನ್ನೊಂದು ಬಾಟಲಿಯನ್ನೂ ಸೇರಿಸಿ, ಇದನ್ನು ಪುಸ್ತಕದ ಕ್ರಮ ಬಿಟ್ಟು ಹೇಳುತ್ತಿದ್ದೇನೆ. ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ ಅಲ್ವಾ? ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಆಗ ಹೊರಗಿನ ಕೊಳಚೆ ತೂತಿನಿಂದ ಒಳಗೆ ಇಳಿಯುತ್ತದೆ. ಮಾರನೇ ದಿನ ನೀರು ಬಿಟ್ಟಾಗ ಮೊದಲ ಐದು ನಿಮಿಷದ ನೀರಿನಲ್ಲೇ ಅದು ಜಾಸ್ತಿ ಇರುತ್ತದೆ. ಎರಡು ನಿಮಿಷ ಹರಿಯಬಿಟ್ಟು ಹಿಡಿದರೆ ಅದು ತಪ್ಪಿಹೋಗಬಹುದು. ಅದಕ್ಕೆ ಅನುಮಾನ ಇರುವ ಬೀದಿಯಲ್ಲಿ ನಲ್ಲಿಯ ಬಾಯಿ ಶುದ್ಧ ಮಾಡಿಕೊಂಡು ಕಾದು ನಿಂತು, ಬರುವ ಮೊದಲ ನೀರನ್ನೇ ಒಂದು ಬಾಟಲಿಗೆ ಹಿಡಿಯಿರಿ. "ಮೊದಲ ನೀರು" ಅಂತ ಬರೆದು ಕಳಿಸಿ.

ಯಾರಿಗೆ, ಯಾವಾಗ, ಯಾವ ವಾಲ್ವ್

ಈಗ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಮನೆ ಮನೆ ಹತ್ತಿ. ಯಾರನ್ನು ಪಟ್ಟಿಗೆ ಸೇರಿಸಬೇಕು ಅನ್ನುವುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರಾಗಿ ಭೇದಿ ಆದವರು ಸೇರಲಿ. ಹೊಟ್ಟೆ ಉಬ್ಬರ, ಹುಳಿ ತೇಗು ಎಲ್ಲವನ್ನೂ ಸೇರಿಸಿದರೆ ಲೆಕ್ಕ ಹಾಳಾಗುತ್ತದೆ. ಹೆಸರು, ವಯಸ್ಸು, ಮನೆ, ಕಾಯಿಲೆ ಶುರುವಾದ ದಿನ ಮತ್ತು ಹೊತ್ತು, ಯಾವ ನೀರು ಕುಡಿದರು, ಯಾವ ವಾಲ್ವಿನ ಲೈನು, ಮದುವೆ, ತಿಥಿ, ಜಾತ್ರೆ ಅಂತ ಹೊರಗೆ ಊಟ ಮಾಡಿದ್ದರಾ, ಇಷ್ಟು ಬರೆದುಕೊಳ್ಳಿ. ಊಟದ ಪ್ರಶ್ನೆ ಬಿಡಬೇಡಿ. ಕೆಲವು ಸಲ ಊರೆಲ್ಲ ನೀರನ್ನು ಬೈಯುತ್ತಿರುತ್ತದೆ, ಕಾಯಿಲೆ ಬಂದವರೆಲ್ಲ ಒಂದೇ ಬೀಗರ ಊಟಕ್ಕೆ ಹೋಗಿ ಬಂದವರಾಗಿರುತ್ತಾರೆ.

ಆರೋಗ್ಯವಾಗಿರುವ ಮನೆಗಳನ್ನೂ ಕೇಳಿ. ಕಾಯಿಲೆ ಬಾರದ ಮನೆಯವರು ಯಾವ ನೀರು ಕುಡಿಯುತ್ತಾರೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಅನ್ನುವ ವೈದ್ಯ ಮಾಡಿದ್ದೂ ಇದನ್ನೇ. ಬೀದಿ ಪಂಪಿನ ಸುತ್ತ ಸಾವು ಜಾಸ್ತಿ, ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಮಾತ್ರ ಯಾರೂ ಸತ್ತಿರಲಿಲ್ಲ. ಅವರು ಪಂಪಿನ ನೀರು ಕುಡಿಯುತ್ತಿರಲಿಲ್ಲ. ಬ್ಯಾಕ್ಟೀರಿಯಾದಿಂದ ಕಾಲರಾ ಬರುತ್ತದೆ ಅಂತ ಒಪ್ಪಿಕೊಳ್ಳುವ ಕಾಲಕ್ಕೂ ಮುಂಚೆ, ಬರೀ ಮನೆಗಳ ಲೆಕ್ಕ ಇಟ್ಟುಕೊಂಡು ಆತ ಪಂಪಿನ ಹಿಡಿಯನ್ನು ತೆಗೆಸಿದ.

ಲೆಕ್ಕವನ್ನು ವಾಲ್ವಿನ ಪ್ರಕಾರ ಹಾಕಿ. ಒಂದು ಉದಾಹರಣೆ ನೋಡಿ. ಮೂರನೇ ವಾಲ್ವಿನ ಲೈನಿನಲ್ಲಿ 180 ಜನ, ಕಾಯಿಲೆ 27 ಜನಕ್ಕೆ. ಅಂದರೆ ನೂರಕ್ಕೆ 15. ಒಂದನೇ ವಾಲ್ವಿನಲ್ಲಿ 210 ಜನ, ಕಾಯಿಲೆ ನಾಲ್ಕು ಜನಕ್ಕೆ. ಅಂದರೆ ನೂರಕ್ಕೆ ಎರಡೂ ಇಲ್ಲ. ಎರಡಕ್ಕೂ ಟ್ಯಾಂಕ್ ಒಂದೇ. ಹಾಗಿದ್ದರೆ ಟ್ಯಾಂಕ್ ಕಾರಣ ಅಲ್ಲ, ಮೂರನೇ ವಾಲ್ವ್ ದಾಟಿದ ಮೇಲೆ ಏನೋ ಆಗಿದೆ. ಎಲ್ಲ ವಾಲ್ವಿನಲ್ಲೂ ಹೆಚ್ಚುಕಮ್ಮಿ ಒಂದೇ ಸಮ ಇದ್ದರೆ ಟ್ಯಾಂಕು, ಮೂಲ, ಇವುಗಳ ಕಡೆ ನೋಡಬೇಕು.

ದಿನದ ಲೆಕ್ಕವೂ ಬೇಕು. ಕಾಲರಾ ಕೆಲವೇ ಗಂಟೆಯಿಂದ ಐದು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ರಕ್ತಭೇದಿಯ ಶಿಗೆಲ್ಲಾ ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಟೈಫಾಯಿಡ್ ಸಾಮಾನ್ಯವಾಗಿ ಒಂದೆರಡು ವಾರ ತೆಗೆದುಕೊಳ್ಳುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸು. ಅವು ಹೊರಬೀಳಲು ಎರಡು ವಾರದಿಂದ ಎರಡು ತಿಂಗಳೂ ಆಗಬಹುದು. ಹಾಗಾಗಿ ಇವತ್ತು ಊರಿನಲ್ಲಿ ಕಾಮಾಲೆ ಕಂಡರೆ ಹೋದ ತಿಂಗಳು ಪೈಪ್ ಎಲ್ಲಿ ಒಡೆದಿತ್ತು ಅಂತ ಕೇಳಬೇಕು. ಇವತ್ತಿನ ನೀರಿನ ವರದಿ ಅದಕ್ಕೆ ಉತ್ತರ ಕೊಡುವುದಿಲ್ಲ.

ನೀರುಗಂಟಿಯ ಜೊತೆ ಕೂತು ನಕ್ಷೆ ಬರೆಯಿರಿ

ಊರಿನ ಪೈಪ್‌ಲೈನ್ ನಕ್ಷೆ ಪಂಚಾಯ್ತಿಯಲ್ಲಿ ಸಿಗುವುದು ಅಪರೂಪ. ಅದು ಇರುವುದು ನೀರುಗಂಟಿಯ ತಲೆಯಲ್ಲಿ. ಅವರನ್ನು ಬೈಯುತ್ತಾ ಹೋದರೆ ಬಾಯಿ ಬಿಡುವುದಿಲ್ಲ. ಕಡಿಮೆ ಸಂಬಳಕ್ಕೆ ಬೆಳಗಿನ ಜಾವ ಎದ್ದು ವಾಲ್ವ್ ತಿರುಗಿಸುವ ಮನುಷ್ಯ. "ಅಣ್ಣ, ಬನ್ನಿ, ಒಂದು ಲೋಟ ಕಾಫಿ ಕುಡಿಯುತ್ತಾ ಲೈನ್ ಬರೆಯೋಣ" ಅನ್ನಿ. ಎಲ್ಲಿ ಹೊಸ ಪೈಪ್, ಎಲ್ಲಿ ಹಳೇದು, ಎಲ್ಲಿ ಮೋರಿ ದಾಟುತ್ತದೆ, ಎಲ್ಲಿ ಜೆಸಿಬಿ ಬಡಿದು ಒಡೆದಿತ್ತು, ಎಲ್ಲಿ ತಾವೇ ಟ್ಯೂಬ್ ಸುತ್ತಿ ಬಿಟ್ಟಿದ್ದಾರೆ, ಎಲ್ಲ ಹೇಳುತ್ತಾರೆ.

ಮೂಲ ಯಾವುದು ಅನ್ನುವುದರ ಮೇಲೆ ಅನುಮಾನವೂ ಬದಲಾಗುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿಸಿಕೊಂಡ ನೀರು ಬಹಳ ಊರುಗಳಿಗಿದೆ. ಕರೆಂಟ್ ಬೇಡ, ಮೋಟಾರ್ ಬೇಡ, ಹಾಗಾಗಿ ಕ್ಲೋರಿನ್ ಹಾಕುವುದನ್ನೂ ಮರೆತುಬಿಡುತ್ತಾರೆ. ಒರತೆಯ ಮೇಲ್ಭಾಗದಲ್ಲಿ ದನ ಮೇಯುತ್ತಾವಾ, ತೋಟದ ಕೆಲಸದವರ ಲೈನ್ ಮನೆಗಳ ಪಾಯಿಖಾನೆ ಇದೆಯಾ, ಕಾಫಿ ಹಣ್ಣು ಕೊಯ್ಯಲು ಬಂದವರು ಬಯಲಿಗೆ ಹೋಗುತ್ತಾರಾ ಅಂತ ಹತ್ತಿ ಹೋಗಿಯೇ ನೋಡಬೇಕು. ನವೆಂಬರಿನಿಂದ ಫೆಬ್ರವರಿ ತನಕ ಕಾಫಿ ಪಲ್ಪಿಂಗ್ ನೀರು, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿದ ನೀರು, ಹಳ್ಳಕ್ಕೆ ಸೇರಿದರೆ ಇನ್ನೊಂದು ತೊಂದರೆ. ಅದರಲ್ಲಿರುವ ಕೊಳೆಯುವ ವಸ್ತು ಕ್ಲೋರಿನ್ನನ್ನು ತಿಂದುಬಿಡುತ್ತದೆ, ದಿನಾ ಹಾಕುವಷ್ಟೇ ಪೌಡರ್ ಹಾಕಿದರೂ ಬ್ಯಾಕ್ಟೀರಿಯಾಗೆ ಏನೂ ಉಳಿಯುವುದಿಲ್ಲ. ಅರಸೀಕೆರೆ, ಕಡೂರು ಕಡೆಗೆ ಆಳದ ಬೋರ್‌ವೆಲ್. ಅಲ್ಲಿ ಕೇಸಿಂಗ್ ಪೈಪಿನ ಸುತ್ತ ಕಾಂಕ್ರೀಟ್ ಕಟ್ಟೆ ಬಿರಿದಿದೆಯಾ, 15 ಮೀಟರಿನೊಳಗೆ ಶೌಚ ಗುಂಡಿ ಇದೆಯಾ, ಮಳೆ ನೀರು ಸುತ್ತ ನಿಲ್ಲುತ್ತದಾ ನೋಡಿ. ಹೊಳೆ ನೀರಿನ ಊರುಗಳದ್ದು ಮತ್ತೊಂದು ಕಥೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ, ಯಗಚಿ ಹುಟ್ಟುವುದು ಚಿಕ್ಕಮಗಳೂರಿನ ಗಿರಿ ಸಾಲಿನಲ್ಲಿ, ಎರಡೂ ಹರಿದು ಬರುವುದು ಹಾಸನದ ಕಡೆಗೆ. ಮೇಲಿನವರು ಬಿಟ್ಟದ್ದು ಕೆಳಗಿನವರ ಜಾಕ್‌ವೆಲ್ಲಿಗೆ, ಅಂದರೆ ಹೊಳೆಯಿಂದ ನೀರು ಎತ್ತುವ ಬಾವಿಗೆ ಬರುತ್ತದೆ.

ಕ್ಲೋರಿನ್ ನೋಡುತ್ತಾ ನಡೆಯಿರಿ

ಇಡೀ ಹುಡುಕಾಟದಲ್ಲಿ ನನಗೆ ಬಹಳ ನಂಬಿಕೆ ಇರುವುದು ಈ ಹಂತದ ಮೇಲೆ. ಬ್ಯಾಕ್ಟೀರಿಯಾ ವರದಿ ಬರಲು ಎರಡು ಮೂರು ದಿನ ಬೇಕು. ಕ್ಲೋರಿನ್ ಒಂದು ನಿಮಿಷದಲ್ಲಿ ಹೇಳುತ್ತದೆ.

ಕ್ಲೋರಿನ್ ಅಳೆಯುವ ಪುಟ್ಟ ಸಾಧನ ಕ್ಲೋರೋಸ್ಕೋಪ್ ಅಥವಾ ಪಂಚಾಯ್ತಿಗೆ ಕೊಟ್ಟಿರುವ ಫೀಲ್ಡ್ ಟೆಸ್ಟ್ ಕಿಟ್ ತೆಗೆದುಕೊಳ್ಳಿ. ಗೆರೆಯ ತನಕ ನೀರು, ಅದಕ್ಕೆ ದ್ರಾವಣ. ಹಳೇ ಕಿಟ್ಟಿನ ಆರ್ಥೋಟಾಲಿಡಿನ್ ಆದರೆ ಹಳದಿ, ಡಿಪಿಡಿ ಆದರೆ ಗುಲಾಬಿ. ಬಣ್ಣವನ್ನು ಪಕ್ಕದ ಪಟ್ಟಿಗೆ ಹೋಲಿಸಿ. ಆರ್ಥೋಟಾಲಿಡಿನ್ ಒಳ್ಳೆಯ ವಸ್ತುವಲ್ಲ, ಕೈಗೆ ತಾಗಿಸಿಕೊಳ್ಳಬೇಡಿ. ಸಾಧ್ಯವಾದರೆ ಡಿಪಿಡಿ ಕಿಟ್ಟೇ ತರಿಸಿ. ಡಿಪಿಡಿಯಲ್ಲಿ ಒಂದು ಮೋಸ ಇದೆ, ನೆನಪಿಡಿ. ಕ್ಲೋರಿನ್ ಅತಿ ಜಾಸ್ತಿ ಇದ್ದರೆ ಗುಲಾಬಿ ಬಣ್ಣವನ್ನೇ ಅದು ಅಳಿಸಿಹಾಕುತ್ತದೆ, ನೀರು ಬಿಳುಪಾಗಿ ಕಂಡು ಸೊನ್ನೆ ಅಂತ ಬರೆದುಬಿಡುತ್ತೀರಿ. ಘಾಟು ಹೊಡೆಯುತ್ತಾ ಇದ್ದೂ ಬಣ್ಣ ಬಾರದಿದ್ದರೆ, ಅದೇ ನೀರಿಗೆ ಕ್ಲೋರಿನ್ ಇಲ್ಲದ ಒಳ್ಳೆಯ ನೀರನ್ನು ಹತ್ತು ಪಟ್ಟು ಬೆರೆಸಿ ಮತ್ತೆ ನೋಡಿ.

ಬೇಕಾದದ್ದು ಇಷ್ಟು. ಪೌಡರ್ ಹಾಕಿ ಅರ್ಧ ಗಂಟೆ ಆದ ಮೇಲೆ ಟ್ಯಾಂಕಿನಿಂದ ಹೊರಡುವ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ, ಕೊನೆಯ ಮನೆಯ ನಲ್ಲಿಯಲ್ಲಿ 0.2 ಮಿಲಿಗ್ರಾಂಗೆ ಕಮ್ಮಿ ಇರಬಾರದು. ಆ 0.2 ಅನ್ನುವುದು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವ ಅಂಕಿ.

ನೀರು ಬಿಟ್ಟ ಹೊತ್ತಿನಲ್ಲೇ ಟ್ಯಾಂಕಿನಿಂದ ಶುರು ಮಾಡಿ, ಪ್ರತಿ ಐದಾರು ಮನೆಗೆ ಒಂದು ಸಲ ನೋಡಿ, ನಕ್ಷೆಯಲ್ಲಿ ಆ ಮನೆಯ ಮೇಲೆ ಅಂಕಿ ಬರೆಯುತ್ತಾ ಹೋಗಿ. ನಾನು ಹೇಳಿದ ಆ ಊರಿನಲ್ಲಿ ಎರಡನೇ ಸಲ ಹೋದಾಗ ನಾವು ಹೀಗೇ ನಡೆದೆವು. ಟ್ಯಾಂಕಿನ ಕೆಳಗೆ 0.5. ಶಾಲೆಯ ನಲ್ಲಿಯಲ್ಲಿ 0.5. ಅಂಗಡಿ ಮುಂದೆ 0.4. ಸೇತುವೆಯಂಥ ಸಣ್ಣ ಮೋರಿ ದಾಟಿ ಮೊದಲ ಮನೆ, ಒಬ್ಬ ಅಜ್ಜಿಯ ಮನೆ. ಹೊಸ್ತಿಲ ಮೇಲೆ ಕೂತು ಟ್ಯೂಬಿಗೆ ದ್ರಾವಣ ಹಾಕಿದೆ. ಅಲ್ಲಾಡಿಸಿದೆ. ಬೆಳಕಿಗೆ ಹಿಡಿದೆ. ಏನೂ ಇಲ್ಲ. ನೀರು ಹೇಗಿತ್ತೋ ಹಾಗೇ. ಪಕ್ಕದ ಮನೆಯಲ್ಲೂ ಸೊನ್ನೆ, ಅಲ್ಲಿಂದ ಬೀದಿಯ ಕೊನೆ ತನಕ ಸೊನ್ನೆ. ಮೂವತ್ತು ಅಡಿಯಲ್ಲಿ 0.4 ಇದ್ದದ್ದು ಸೊನ್ನೆ ಆಗಬೇಕಾದರೆ ಆ ಮೂವತ್ತು ಅಡಿಯಲ್ಲಿ ಏನೋ ಅದನ್ನು ತಿಂದಿದೆ.

ಮೋರಿಗೆ ಇಳಿದು ನೋಡಿದೆವು. ಕಬ್ಬಿಣದ ಪೈಪ್ ಚರಂಡಿಯ ನೀರಿನೊಳಗೇ ಅಡ್ಡ ಹಾದುಹೋಗಿತ್ತು. ಮಧ್ಯದಲ್ಲಿ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದಿದ್ದರು. ಟ್ಯೂಬ್ ಕೊಳೆತು ಪಿಸಿದುಹೋಗಿತ್ತು. ನೀರು ಬಿಟ್ಟಾಗ ಅಲ್ಲಿಂದ ಬುಗ್ಗೆ ಬುಗ್ಗೆಯಾಗಿ ನೀರು ಚಿಮ್ಮುತ್ತಿತ್ತು. ವಾಲ್ವ್ ನಿಲ್ಲಿಸಲು ಹೇಳಿ ಹತ್ತು ನಿಮಿಷ ಕಾದೆವು. ಚಿಮ್ಮುವುದು ನಿಂತಿತು. ಆಮೇಲೆ ಚರಂಡಿಯ ಮೇಲೆ ತೇಲುತ್ತಿದ್ದ ಕಸ ಮೆಲ್ಲಗೆ ಆ ತೂತಿನ ಕಡೆಗೆ ತಿರುಗಿತು.

ಅಂಕಿಗಳನ್ನು ಓದುವ ಬಗೆ ಇದು. ಥಟ್ಟನೆ ಬಿದ್ದರೆ ಆ ಜಾಗದಲ್ಲಿ ಹೊರಗಿನ ಕೊಳೆ ಸೇರುತ್ತಿದೆ. ಮನೆಯಿಂದ ಮನೆಗೆ ಸ್ವಲ್ಪ ಸ್ವಲ್ಪವೇ ಇಳಿದರೆ ಪೈಪಿನೊಳಗಿನ ಪಾಚಿ, ತುಕ್ಕು, ದೂರ, ಇವು ಕಾರಣ. ಟ್ಯಾಂಕಿನಲ್ಲೇ ಸೊನ್ನೆ ಇದ್ದರೆ ಒಂದೋ ಯಾರೂ ಪೌಡರ್ ಹಾಕಿಲ್ಲ, ಇಲ್ಲವೇ ಪೌಡರ್ ಹಳೇದಾಗಿ ಸುಣ್ಣವಾಗಿದೆ, ಇಲ್ಲವೇ ಮೂಲದ ನೀರೇ ಕೆಟ್ಟಿದೆ. ನೀರು ಕೆಂಪಗೆ ಕದಡಿದ್ದರೆ ಮೊದಲು ತಿಳಿಯಾಗಿಸಬೇಕು, ಕೆಸರಿನ ಕಣದೊಳಗೆ ಅಡಗಿ ಕೂತ ಬ್ಯಾಕ್ಟೀರಿಯಾಗೆ ಕ್ಲೋರಿನ್ ತಲುಪುವುದೇ ಇಲ್ಲ. ಅದೇ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೇಟ್, ಕ್ಲೋರೈಡ್ ಪರೀಕ್ಷೆಯೂ ಇರುತ್ತದೆ. ಟ್ಯಾಂಕಿನ ನೀರಿಗಿಂತ ಬೀದಿಯ ನೀರಿನಲ್ಲಿ ಇವು ಜಾಸ್ತಿ ಬಂದರೆ ಚರಂಡಿ ಸೇರಿದೆ ಅನ್ನಲು ಇನ್ನೊಂದು ಸಾಕ್ಷಿ.

ಮೋರಿ ಬಿಟ್ಟರೆ ನೋಡಬೇಕಾದ ಜಾಗಗಳು: ವಾಲ್ವ್ ಚೇಂಬರಿನಲ್ಲಿ ಮಳೆ ನೀರು ತುಂಬಿ ವಾಲ್ವ್ ಮುಳುಗಿರುವುದು, ನೀರು ಏರುವುದಿಲ್ಲ ಅಂತ ಮನೆ ಮುಂದೆ ಗುಂಡಿ ತೋಡಿ ನೆಲಮಟ್ಟಕ್ಕಿಂತ ಕೆಳಗೆ ಹಾಕಿಕೊಂಡ ನಲ್ಲಿಗಳು, ಲೈನಿಗೇ ಮೋಟಾರ್ ಹಾಕಿ ಎಳೆಯುವ ಮನೆಗಳು. ಈ ಮೋಟಾರ್ ಎಳೆಯುವುದು ಬರೀ ಪಕ್ಕದ ಮನೆಯ ಪಾಲಿನ ನೀರನ್ನಲ್ಲ, ಸುತ್ತಲಿನ ಚರಂಡಿಯನ್ನೂ ಎಳೆಯುತ್ತದೆ. ಹಾಸನ, ಚಿಕ್ಕಮಗಳೂರು ಪಟ್ಟಣದೊಳಗೆ ಆದರೆ ಯುಜಿಡಿ (ಒಳಚರಂಡಿ) ಪೈಪ್ ಮತ್ತು ನೀರಿನ ಪೈಪ್ ಒಂದೇ ತೋಡಿನಲ್ಲಿ ಮಲಗಿವೆಯಾ ಅಂತ ಕೇಳಿ. ಎರಡರ ನಡುವೆ ಮೂರು ಮೀಟರ್ ಅಂತರ ಇರಬೇಕು, ಅಡ್ಡ ದಾಟುವ ಕಡೆ ನೀರಿನ ಪೈಪ್ ಮೇಲೆ ಇರಬೇಕು.

ಎಚ್‌2ಎಸ್ ಬಾಟಲಿ, ನಮ್ಮ ಚಳಿ

ಲ್ಯಾಬ್ ದೂರ ಇರುವವರಿಗೆ ಇದು ದೊಡ್ಡ ಸಹಾಯ. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಂಜಾ ಮತ್ತು ಜೊತೆಗಾರರು 1982ರಲ್ಲಿ ಪ್ರಕಟಿಸಿದ ವಿಧಾನ ಇದು. ಎಚ್‌2ಎಸ್ ಅಂದರೆ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಪುಟ್ಟ ಬಾಟಲಿ, ಒಳಗೊಂದು ಕಾಗದದ ಪಟ್ಟಿ. ಗುರುತಿನ ತನಕ ನೀರು ತುಂಬಿ ಮುಚ್ಚಿಡುವುದು. ಕಪ್ಪಾದರೆ ಮಲದ ಕೊಳೆ ಸೇರಿರುವ ಸಾಧ್ಯತೆ ಬಹಳ.

ಇದು ಕೆಲಸ ಮಾಡಲು 30ರಿಂದ 37 ಡಿಗ್ರಿ ಬೆಚ್ಚಗಿರಬೇಕು. ಜುಲೈ ತಿಂಗಳ ಸಕಲೇಶಪುರದಲ್ಲಿ ಕಿಟಕಿ ಮೇಲೆ ಇಟ್ಟರೆ ಎಲ್ಲಿ ಬೆಚ್ಚಗಾಗುತ್ತದೆ? 24 ಗಂಟೆಗೆ ಕಪ್ಪಾಗಲಿಲ್ಲ ಅಂತ ನೀರು ಚೆನ್ನಾಗಿದೆ ಅನ್ನಬೇಡಿ. ಬಟ್ಟೆಯಲ್ಲಿ ಸುತ್ತಿ, ಬೆಚ್ಚನೆ ನೀರಿನ ಬಾಟಲಿಯ ಜೊತೆ ಅನ್ನದ ಹಾಟ್‌ಬಾಕ್ಸಿನೊಳಗಿಟ್ಟು, ಆ ನೀರನ್ನು ಆಗಾಗ ಬದಲಿಸಿ. 48 ಗಂಟೆ ಕಾಯಿರಿ. ಮೊದಲೇ ಕೊಳೆತ ಮೊಟ್ಟೆಯ ವಾಸನೆ ಇರುವ ಬೋರ್‌ವೆಲ್ ನೀರಿನಲ್ಲಿ ಸುಮ್ನೆ ಕಪ್ಪಾಗುವುದೂ ಉಂಟು. ಇದು ಕರುಳಿನ ಬ್ಯಾಕ್ಟೀರಿಯಾ ಇ. ಕೊಲೈಯನ್ನೇ ಗುರುತಿಸುವ ಪರೀಕ್ಷೆ ಅಲ್ಲ. ಕಪ್ಪಾದರೆ ಅದೇ ಜಾಗದ ನೀರಿನ ಬೇರೆ ಸ್ಯಾಂಪಲ್ ಲ್ಯಾಬಿಗೆ ಕಳಿಸಿ. ಕಪ್ಪಾದ ಬಾಟಲಿಯೊಳಗೆ ರೋಗಾಣು ಕೋಟಿಗಟ್ಟಲೆ ಬೆಳೆದಿರುತ್ತವೆ, ಬ್ಲೀಚಿಂಗ್ ದ್ರಾವಣ ಸುರಿದು ಒಂದು ದಿನ ಬಿಟ್ಟು ಹೂಳಿಬಿಡಿ. ಮಕ್ಕಳ ಕೈಗೆ ಸಿಗಬಾರದು.

ಲ್ಯಾಬ್ ವರದಿ ಬಂದಾಗ

ನೂರು ಮಿಲಿ ಲೀಟರ್ ನೀರಿನಲ್ಲಿ ಒಟ್ಟು ಕೋಲಿಫಾರ್ಮ್ ಎಷ್ಟು, ಇ. ಕೊಲೈ ಎಷ್ಟು ಅಂತ ಇರುತ್ತದೆ. ಎರಡೂ ಸೊನ್ನೆ ಇರಬೇಕು ಅನ್ನುವುದು ಮಾನಕ. ಆದರೆ ಎರಡರ ಅರ್ಥ ಒಂದೇ ಅಲ್ಲ. ಕೋಲಿಫಾರ್ಮ್ ಅನ್ನುವ ಬ್ಯಾಕ್ಟೀರಿಯಾ ಗುಂಪು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಪೈಪಿನ ಪಾಚಿಯಲ್ಲೂ ಇರುತ್ತದೆ. ಇ. ಕೊಲೈ ಬರುವುದು ಮನುಷ್ಯ ಅಥವಾ ಪ್ರಾಣಿಯ ಕರುಳಿನಿಂದ. ಬರೀ ಕೋಲಿಫಾರ್ಮ್ ಬಂದರೆ ಟ್ಯಾಂಕ್ ತೊಳೆದು ವಾರವಾಗಿದೆಯೋ ವರ್ಷವಾಗಿದೆಯೋ ನೋಡಿ. ಇ. ಕೊಲೈ ಬಂದರೆ ಅವತ್ತೇ ನೀರು ನಿಲ್ಲಿಸಿ, ಟ್ಯಾಂಕರ್ ತರಿಸಿ. ಆ ಟ್ಯಾಂಕರಿನ ಕ್ಲೋರಿನ್ನನ್ನೂ ನೋಡಿಯೇ ಹಂಚಿ.

ಕ್ಲೋರಿನ್ ಇರುವ ನೀರಿನಲ್ಲಿ ಇ. ಕೊಲೈ ಬೇಗ ಸಾಯುತ್ತದೆ, ವೈರಸ್ಸು ಅಷ್ಟು ಬೇಗ ಸಾಯುವುದಿಲ್ಲ, ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಜೀವಿಗೆ ಕ್ಲೋರಿನ್ ತಾಗುವುದೇ ಇಲ್ಲ ಅನ್ನಬಹುದು. ಹಾಗಾಗಿ ವರದಿ ಸೊನ್ನೆ ಬಂದು ಊರಿನಲ್ಲಿ ಕಾಯಿಲೆ ಮುಂದುವರಿಯುತ್ತಿದ್ದರೆ ವರದಿಗಿಂತ ನಿಮ್ಮ ನೋಟ್‌ಬುಕ್ಕನ್ನು ನಂಬಿ.

ರಿಪೇರಿ ಆದ ಮೇಲೆ ಪೌಡರ್ ಲೆಕ್ಕ

ತೂತು ಮುಚ್ಚಿದ ಮೇಲೆ, ಪೈಪನ್ನು ಚರಂಡಿಯಿಂದ ಮೇಲೆತ್ತಿದ ಮೇಲೆ ಬ್ಲೀಚಿಂಗ್ ಹಾಕುವ ಸಮಯ. ಹಿಡಿ ಲೆಕ್ಕ, ಡಬ್ಬ ಲೆಕ್ಕ ಬೇಡ. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕು ಅನ್ನಿ. ಒಟ್ಟು 100 ಗ್ರಾಂ ಕ್ಲೋರಿನ್. ಪೌಡರಿನಲ್ಲಿ ನೂರಕ್ಕೆ 25 ಭಾಗ ಕ್ಲೋರಿನ್ ಇದ್ದರೆ 400 ಗ್ರಾಂ ಪೌಡರ್ ತೂಗಬೇಕು. ಹೊಸ ಪೌಡರಿನಲ್ಲಿ ನೂರಕ್ಕೆ 33ರ ತನಕ ಇರುತ್ತದೆ. ಚೀಲದ ಬಾಯಿ ಬಿಚ್ಚಿಟ್ಟು ತೇವ ತಾಗಿದರೆ, ಅದೂ ಮಲೆನಾಡಿನ ಮಳೆಗಾಲದಲ್ಲಿ, ಬೇಗ ಇಳಿದುಹೋಗುತ್ತದೆ. ಅದಕ್ಕೆ ಹಾಕಿದ್ದೆಷ್ಟು ಅನ್ನುವುದಕ್ಕಿಂತ ಅರ್ಧ ಗಂಟೆ ಬಿಟ್ಟು ಕ್ಲೋರಿನ್ ಎಷ್ಟು ಉಳಿಯಿತು ಅನ್ನುವುದೇ ಮುಖ್ಯ. ಕಮ್ಮಿ ಇದ್ದರೆ ಇನ್ನಷ್ಟು ಹಾಕಿ ಮತ್ತೆ ಅಳೆಯಿರಿ.

ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಎಸೆಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ದೋಸೆ ಹಿಟ್ಟಿನ ಹಾಗೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ, ಸುಣ್ಣ ತಳ ಸೇರುವ ತನಕ ಬಿಟ್ಟು, ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹೊಯ್ಯಿರಿ. ಮೂಗು ಬಾಯಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಳಸಿದ ಬಕೆಟ್ ಯಾವತ್ತೂ ಬೇಡ, ಎರಡು ಸೇರಿದರೆ ವಿಷದ ಗಾಳಿ ಏಳುತ್ತದೆ. ಮುಚ್ಚಿದ ಸಂಪಿನೊಳಗೆ ಒಬ್ಬರೇ ಇಳಿಯಬೇಡಿ, ಉಸಿರಾಡುವ ಗಾಳಿ ಇದೆಯಾ ಅಂತ ಗೊತ್ತಾಗದೆ ಯಾರನ್ನೂ ಇಳಿಸಬೇಡಿ.

ಕೊಳೆ ಸೇರಿದ್ದ ಲೈನನ್ನು ಮೊದಲು ಕೊನೆಯ ತುದಿ ಬಿಚ್ಚಿ ತಿಳಿ ನೀರು ಬರುವ ತನಕ ಹರಿಸಿ. ಆಮೇಲೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಇರುವ ನೀರು ತುಂಬಿ 24 ಗಂಟೆ ನಿಲ್ಲಿಸಬೇಕು. ಇದನ್ನು ಇಂಜಿನಿಯರ್ ಎದುರಿಗೇ ಮಾಡಿಸಿ, ಆ ದಿನ ನಲ್ಲಿ ಮುಟ್ಟಬೇಡಿ ಅಂತ ಮನೆ ಮನೆಗೆ ಹೇಳಿ. ಆ ನೀರನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ, ಬಯಲಿಗೆ ಬಿಡಿ. ಚೆನ್ನಾಗಿ ತೊಳೆದು, ಕ್ಲೋರಿನ್ ಮಾಮೂಲಿಗೆ ಬಂದ ಮೇಲೆ ಮತ್ತೆ ಸ್ಯಾಂಪಲ್. ಒಂದು ಸಲ ಸೊನ್ನೆ ಬಂದರೆ ಸಾಲದು. ಬೇರೆ ಬೇರೆ ದಿನ ತೆಗೆದ ಎರಡು ವರದಿ ಸೊನ್ನೆ ಬಂದ ಮೇಲೆಯೇ ಕುದಿಸುವುದನ್ನು ನಿಲ್ಲಿಸಲು ಹೇಳಿ.

ಕಾಗದದಲ್ಲಿ ಇರಲಿ

ನಕ್ಷೆ, ಕ್ಲೋರಿನ್ ಅಂಕಿ, ಮೋರಿಯ ಫೋಟೋ, ವರದಿ, ಎಲ್ಲವನ್ನೂ ಸೇರಿಸಿ ಪಿಡಿಒಗೆ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಕಾಯಿಲೆಯವರ ಹೆಸರಿನ ಪಟ್ಟಿಯನ್ನು ಮಾತ್ರ ಆರೋಗ್ಯ ಕೇಂದ್ರಕ್ಕೆ ಕೊಡಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಹಿಂದಿನ ನೀರಿನ ವರದಿಗಳು, ಟ್ಯಾಂಕ್ ತೊಳೆದ ದಿನದ ದಾಖಲೆ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿ.

ಆ ಊರಿನಲ್ಲಿ ಮೋರಿಯ ಮೇಲಿಂದ ಹೊಸ ಪೈಪ್ ಎತ್ತಿ ಹಾಕಲು ಒಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಆ ಬೀದಿಗೆ ಟ್ಯಾಂಕರ್ ನೀರು. ಈಗ ಅಲ್ಲಿನ ನೀರುಗಂಟಿ ದಿನಾ ಬೆಳಿಗ್ಗೆ ನೀರು ಬಿಟ್ಟು, ಮೊದಲು ಹೋಗುವುದು ಅಜ್ಜಿಯ ಮನೆ ನಲ್ಲಿಗೆ. ಟ್ಯೂಬಿನಲ್ಲಿ ನೀರು ಹಿಡಿದು, ಬಣ್ಣ ನೋಡಿ, ಬಾಗಿಲ ಪಕ್ಕ ನೇತುಹಾಕಿದ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಅಂಕಿ ಬರೆದು ಹೋಗುತ್ತಾರೆ. ನಿಮ್ಮ ಊರಿನಲ್ಲೂ ಲೈನಿನ ಕೊನೆಯ ಮನೆ ಯಾವುದು ಅಂತ ನೋಡಿ, ಅಲ್ಲಿಗೊಂದು ಕ್ಯಾಲೆಂಡರ್ ಕೊಡಿ.